ಎರಡನೇ ಗಾಜು

"ಇದು ಗಂಡಸಿನದಲ್ಲ."

ದುರ್ಬೀನಮ್ಮ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆಯೇ ಹೇಳಿದಳು. ಪಕ್ಕದಲ್ಲಿ ನಿಂತಿದ್ದ ಚುಕ್ಕಿಯ ಕೈಯಲ್ಲಿನ ಕಾಫಿ ಲೋಟ ಮೇಜಿನ ಅಂಚಿಗೆ ತಗುಲಿ ಸದ್ದು ಮಾಡಿತು.

"ಸರಿಯಾಗಿ ನೋಡಿ ಅಕ್ಕ. ಚೀಟಿ ಮೇಲೆ ಮೇಷ್ಟ್ರ ಹೆಸರೇ ಇದೆ."

"ಚೀಟಿ ಮೇಲೆ ಏನು ಬೇಕಾದ್ರೂ ಇರಬಹುದು ಕಣೇ. ಗಾಜಿನ ಮೇಲೆ ಇರೋದು ಹೆಂಗಸು. ಅದೂ ಮಾಗಿದ ಹೆಂಗಸು. ಅರವತ್ತರ ಆಚೀಚೆ."

ಗಂಡಸಿನ ಮೂತ್ರದಲ್ಲಿ ಚಪ್ಪಟೆ ಕಣಗಳು ಹುಡುಕಿದರೆ ಒಂದೋ ಎರಡೋ ಸಿಗುತ್ತವೆ. ಹೆಂಗಸಿನದರಲ್ಲಿ ಧಾರಾಳ. ಹರೆಯದವಳಾದರೆ ಆ ಕಣಗಳು ಅಗಲವಾಗಿ, ಮೂಲೆ ಮಡಿಸಿದ ಕಾಗದದ ಹಾಗೆ ಬಿದ್ದುಕೊಂಡಿರುತ್ತವೆ. ವಯಸ್ಸಾದವಳಾದರೆ ಚಿಕ್ಕವು, ದುಂಡಗಿನವು. ಮೂವತ್ತಾರು ವರ್ಷ ಇದನ್ನೇ ನೋಡಿ ಕಣ್ಣು ಸವೆಸಿದ ದುರ್ಬೀನಮ್ಮನಿಗೆ ಇದು ಅಂಗೈ ಹುಣ್ಣಿಗೆ ಕನ್ನಡಿ ಹಿಡಿದಷ್ಟೂ ಕಷ್ಟವಲ್ಲ.

ಐದು ತಿಂಗಳ ಐದು ಗಾಜುಗಳನ್ನೂ ಒಂದಾದ ಮೇಲೊಂದು ಹಾಕಿ ನೋಡಿದಳು. ಐದರಲ್ಲೂ ಅದೇ ಮಾಗಿದ ಹೆಂಗಸು. ವೈರಸ್ಸಿನ ಸುಳಿವು ಒಂದರಲ್ಲೂ ಇಲ್ಲ.

"ಯಂತ್ರ ಏನಂದಿತ್ತು?"

"ಐದು ತಿಂಗಳೂ ಸೊನ್ನೆ ಅಕ್ಕ."

"ಸೊನ್ನೆ ಅನ್ನದೆ ಇನ್ನೇನಂದೀತು? ಒಳಗೆ ವೈರಸ್ ಇದೆಯಾ ಅಂತ ಕೇಳಿದ್ರಿ, ಇಲ್ಲ ಅಂತು. ಇದು ಯಾರದ್ದು ಅಂತ ಕೇಳಿದ್ರಾ? ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ, ಹಾಗಾಯ್ತು ನಿಮ್ಮ ಕತೆ."

ಚುಕ್ಕಿ ತಲೆ ತಗ್ಗಿಸಿದಳು. ಮೂವತ್ತೆರಡು ವರ್ಷದ ಹೆಣ್ಣುಮಗಳು, ದುರ್ಬೀನಮ್ಮ ನಿವೃತ್ತಳಾದ ಮೇಲೆ ಈಗ ಈ ಲ್ಯಾಬಿನ ಯಜಮಾನಿ. ಆದರೂ ಅಕ್ಕ ಬೈದಾಗ ಕೆಲಸಕ್ಕೆ ಸೇರಿದ ಮೊದಲ ವಾರದ ಹುಡುಗಿಯ ಮುಖವೇ.

ಗೋಡೆಯ ಗಡಿಯಾರ ಒಂಬತ್ತೂಕಾಲು ತೋರಿಸುತ್ತಿತ್ತು. ಹನ್ನೊಂದು ಗಂಟೆಗೆ ಇದೇ ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ, ದುರ್ಬೀನಮ್ಮನಿಗೆ ಕೆಲಸ ಕಲಿಸಿದ ಮೇಷ್ಟ್ರ ಕೈಗೆ ಸೂಜಿ ಚುಚ್ಚಿ ಬಿರುಸಾದ ಔಷಧಿಯೊಂದನ್ನು ಹರಿಸಲು ಶುರುಮಾಡುತ್ತಾರೆ. ಅಷ್ಟರೊಳಗೆ ನಿಜ ತಿಳಿಯದಿದ್ದರೆ ಮೇಷ್ಟ್ರ ಕಿಡ್ನಿ ಉಳಿಯುವುದಿಲ್ಲ. "ನಿನ್ನ ಮೇಷ್ಟ್ರು ಕೈಬಿಟ್ಟು ಹೋಗ್ತಾ ಇದಾರೆ, ಬಂದು ನೋಡು" ಎಂದು ಮೇಷ್ಟ್ರ ಹೆಂಡತಿ, ಲ್ಯಾಬಿನವರಿಗೆಲ್ಲ ಅತ್ತಿಗೆ, ಹೋದ ವಾರ ಕರೆಸಿದಾಗಿನಿಂದ ದುರ್ಬೀನಮ್ಮನ ಮೆದುಳನ್ನು ಕೊರೆಯುತ್ತಿದ್ದುದು ಇದೊಂದೇ.

ಹನ್ನೊಂದು ತಿಂಗಳ ಹಿಂದೆ ಅತ್ತಿಗೆ ತಮ್ಮದೊಂದು ಕಿಡ್ನಿಯನ್ನು ಗಂಡನಿಗೆ ಕೊಟ್ಟರು. ಬೇರೆಯವರ ಕಿಡ್ನಿ ಬಂದಾಗ ಮೈಯೊಳಗಿನ ಕಾವಲುಗಾರರನ್ನು ಮಾತ್ರೆ ಕೊಟ್ಟು ಮಲಗಿಸಬೇಕು. ಇಲ್ಲದಿದ್ದರೆ ಅವರು ಹೊಸ ಕಿಡ್ನಿಯನ್ನೇ ಕಳ್ಳನೆಂದು ಬಡಿದುಹಾಕುತ್ತಾರೆ. ತೀರಾ ಮಲಗಿಸಿದರೋ, ನಿಜವಾದ ಕಳ್ಳ ಎದ್ದು ಕೂರುತ್ತಾನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವಂಥ ಕೆಲಸ.

ಆ ಕಳ್ಳ ಹೊರಗಿನಿಂದ ಬರುವವನಲ್ಲ. ಎಳವೆಯಲ್ಲಿ ಯಾವುದೋ ನೆಗಡಿಯ ನೆಪದಲ್ಲಿ ಮೈ ಹೊಕ್ಕು, ಕಿಡ್ನಿಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು, ಐವತ್ತು ಅರವತ್ತು ವರ್ಷ ಸದ್ದಿಲ್ಲದೆ ಮಲಗಿರುವ ವೈರಸ್ಸು. ಕಿಡ್ನಿ ಮೈ ಬದಲಾಯಿಸಿದರೆ ಅದೂ ಜೊತೆಗೇ ಹೋಗುತ್ತದೆ. ಕಾವಲುಗಾರರ ಜೊತೆ ಅದು ಗುದ್ದಾಡುವುದಿಲ್ಲ, ತಾನೊಬ್ಬ ಇದ್ದೇನೆ ಎಂಬ ಗುರುತೇ ಅವರಿಗೆ ಸಿಗದ ಹಾಗೆ ನೋಡಿಕೊಳ್ಳುತ್ತದೆ. ಕಾವಲು ಸಡಿಲವಾದ ದಿನ ಎದ್ದು ಮನೆಯನ್ನೇ ತಿನ್ನತೊಡಗುತ್ತದೆ.

ಈಗ ಐದು ತಿಂಗಳಿಂದ ಮೇಷ್ಟ್ರ ಕಿಡ್ನಿ ಸೋಲುತ್ತಿದೆ. ಕಾವಲುಗಾರರು ಹೊಡೆಯುತ್ತಿದ್ದರೆ ಅವರನ್ನು ಇನ್ನಷ್ಟು ಮಲಗಿಸುವ ಔಷಧಿ ಬೇಕು. ವೈರಸ್ಸು ತಿನ್ನುತ್ತಿದ್ದರೆ ಅವರನ್ನು ಎಬ್ಬಿಸಬೇಕು, ಅಂದರೆ ಮಾತ್ರೆ ಇಳಿಸಬೇಕು. ಮೇಲ್ನೋಟಕ್ಕೆ ಎರಡೂ ಕಾಯಿಲೆ ಒಂದೇ ಥರ, ಮದ್ದು ಮಾತ್ರ ಉತ್ತರ ದಕ್ಷಿಣ. ಐದು ಸೊನ್ನೆಗಳನ್ನು ನಂಬಿದ ಕಿಡ್ನಿ ಡಾಕ್ಟರು ವೈರಸ್ಸಿನ ಮಾತನ್ನೇ ಬಿಟ್ಟು, ಮಲಗಿಸುವ ಔಷಧಿಗೆ ಸಹಿ ಹಾಕಿದ್ದರು.

ಆ ಸೊನ್ನೆಗಳು ಮೇಷ್ಟ್ರವೇ ಅಲ್ಲ ಎಂದು ಈಗ ಗೊತ್ತಾಗಿತ್ತು.

"ಬಾಟ್ಲಿ ಯಾರ್ಯಾರ ಕೈ ದಾಟಿ ಬರುತ್ತೆ ಹೇಳು."

"ತಿಂಗಳ ಮೊದಲ ಬುಧವಾರ ಗಂಡ ಹೆಂಡತಿ ಇಬ್ಬರದ್ದೂ ಮನೆಯಿಂದ ಒಂದೇ ಚೀಲದಲ್ಲಿ ಬರುತ್ತೆ. ಕಿಡ್ನಿ ಕೊಟ್ಟೋರದ್ದೂ ನೋಡ್ಬೇಕಲ್ಲ. ಅತ್ತಿಗೆ ತಂದು ಕಿಟಕೀಲಿ ಕೊಡ್ತಾರೆ. ನಾನೇ ತಗೋತೀನಿ. ಮಧ್ಯೆ ಇನ್ಯಾರೂ ಇಲ್ಲ ಅಕ್ಕ."

ಮೇಷ್ಟ್ರು, ಅತ್ತಿಗೆ, ಚುಕ್ಕಿ. ದುರ್ಬೀನಮ್ಮ ಬೆರಳು ಮಡಿಸಿ, ಮೂರನೇ ಬೆರಳನ್ನು ತಾನಾಗಿಯೇ ಬಿಡಿಸಿಕೊಂಡಳು. ಚುಕ್ಕಿಗೆ ಗಾಜು ಹಿಡಿಯುವುದನ್ನು ಕಲಿಸಿದವಳು ಅವಳೇ. ತನ್ನ ಕೈಯನ್ನೇ ಯಾರಾದರೂ ಅನುಮಾನಿಸುತ್ತಾರೆಯೇ?

ಐದನೇ ಗಾಜನ್ನು ಸೆರಗಿನ ತುದಿಯಲ್ಲಿ ಸುತ್ತಿಕೊಂಡು ಎದ್ದಳು. ಬಾಗಿಲಲ್ಲಿ ಒಂದು ಕ್ಷಣ ನಿಂತು ಕೋಣೆಯನ್ನೊಮ್ಮೆ ನೋಡಿದಳು. ಉದ್ದನೆಯ ಮರದ ಮೇಜು, ಬಣ್ಣದ ಕಲೆಗಳು, ಗೋಡೆಗೆ ಆತುಕೊಂಡ ನೂರೆಂಟು ಖಾನೆಗಳ ಕಪಾಟು. ಇದೇ ಕಿಟಕಿಯ ಬಳಿ ಅವಳ ಬದುಕು ಶುರುವಾಗಿತ್ತು.

ಆಗಿನ ಸೂಕ್ಷ್ಮದರ್ಶಕಕ್ಕೆ ದೀಪವಿರಲಿಲ್ಲ, ಕನ್ನಡಿ ಇತ್ತು. ಕಿಟಕಿಯ ಬಿಸಿಲನ್ನು ಅದರಲ್ಲಿ ಹಿಡಿದು ಗಾಜಿಗೆ ಹಾಯಿಸಬೇಕು. ಮೋಡ ಕವಿದ ದಿನ ಕೆಲಸ ನಿಂತು ಹರಟೆಯೋ ಹರಟೆ. ಕೆಲಸಕ್ಕೆ ಸೇರಿದ ದಿನ ಮೇಷ್ಟ್ರು, ಆಗ ಇನ್ನೂ ಕಪ್ಪು ಕೂದಲಿನ ಮೇಷ್ಟ್ರು, ಅವಳ ಕೆನ್ನೆಯ ಒಳಗಡೆ ಕಡ್ಡಿಯಿಂದ ಮೆಲ್ಲಗೆ ಕೆರೆದು ಗಾಜಿಗೆ ಸವರಿ, "ನೋಡಮ್ಮ, ಇದು ನೀನು" ಎಂದಿದ್ದರು. ಇಪ್ಪತ್ನಾಲ್ಕು ವರ್ಷದ ಹುಡುಗಿ ತನ್ನನ್ನೇ ತಾನು ನೋಡಿ ಬೆಕ್ಕಸ ಬೆರಗಾಗಿ ಅರ್ಧ ಗಂಟೆ ಕಣ್ಣು ಕೀಳಲಿಲ್ಲ. ಅಂದಿನಿಂದಲೇ ದುರ್ಬೀನಮ್ಮ ಎಂದು ಹೆಸರು ಬಿತ್ತು. ಮನೆಯವರು ಇಟ್ಟ ಹೆಸರು ಈಗ ಪಿಂಚಣಿ ಪುಸ್ತಕಕ್ಕೆ ಮಾತ್ರ ಗೊತ್ತು.

ಯಾವ ಗಾಜನ್ನೇ ನೋಡಲಿ, ನಾಲ್ಕು ಪ್ರಶ್ನೆಗಳಿಗೆ ವರಸೆಯಾಗಿ ಬಾಯಿಬಿಟ್ಟು ಉತ್ತರ ಹೇಳಬೇಕು, ಅದು ಮೇಷ್ಟ್ರ ಪಾಠ. ಯಾರದ್ದು? ಹೆಣ್ಣೋ ಗಂಡೋ? ಎಳೆಯದೋ ಮಾಗಿದ್ದೋ? ಒಳಗೆ ಯಾರಿದ್ದಾರೆ? ಮಗ್ಗಿಯ ಹಾಗೆ ಹೇಳಿಸುತ್ತಿದ್ದರು. ದುರ್ಬೀನಮ್ಮ ಅದನ್ನೇ ಚುಕ್ಕಿಗೆ ಹೇಳಿಸಿದಳು.

ಎರಡನೇ ಗಾಜಿನ ಕಟ್ಟಳೆಯೂ ಅವರದ್ದೇ. ಒಮ್ಮೆ ಗಾಜೊಂದು ಕೈಜಾರಿ ಒಡೆದು, ದೂರದಿಂದ ಮಗುವನ್ನು ಎತ್ತಿಕೊಂಡು ಬಂದಿದ್ದ ತಾಯಿಯನ್ನು ಮತ್ತೆ ಬಾ ಎಂದು ಕಳಿಸಬೇಕಾಯಿತು. ಆಕೆ ಮತ್ತೆ ಬರಲೇ ಇಲ್ಲ. ಮರುದಿನದಿಂದ ಪ್ರತಿ ಸ್ಯಾಂಪಲ್ಲಿಗೂ ಎರಡು ಗಾಜು. "ಮೊದಲನೇದು ಡಾಕ್ಟರಿಗೆ, ಎರಡನೇದು ಸತ್ಯಕ್ಕೆ" ಎನ್ನುತ್ತಿದ್ದರು. ಈಗ ಯಂತ್ರ ಬಂದು ಮೊದಲನೆಯ ಗಾಜೇ ಇಲ್ಲ. ಆದರೂ ಹಳೆಯ ಅಭ್ಯಾಸ ಬಿಡದೆ ಎರಡನೆಯದು ಮಾತ್ರ ತಯಾರಾಗಿ ಖಾನೆ ಸೇರುತ್ತಿತ್ತು. ಯಾರೂ ನೋಡದ ಆ ಗಾಜೇ ಇವತ್ತು ಬಾಯಿಬಿಟ್ಟಿತ್ತು.

ನಾಲ್ಕನೇ ಮಹಡಿಯ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಅತ್ತಿಗೆ ಕೂತಿದ್ದರು. ಮಡಿಲಲ್ಲಿ ಏಳು ಮುಚ್ಚಳದ ಮಾತ್ರೆಪೆಟ್ಟಿಗೆ. ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡು ವಾರದ ಮಾತ್ರೆಗಳನ್ನು ತುಂಬುತ್ತಿದ್ದರು.

"ಬಂದ್ಯಾ? ಏನಾದ್ರೂ ಗೊತ್ತಾಯ್ತಾ?"

"ಸ್ವಲ್ಪ ಸ್ವಲ್ಪ. ಅತ್ತಿಗೆ, ಬಾಟ್ಲಿಗೆ ಚೀಟಿ ಅಂಟಿಸೋದು ಯಾರು?"

"ಇವರೇ. ನಾನು ಅಂಟಿಸಿದ್ರೆ ಸೊಟ್ಟ ಆಗುತ್ತಂತೆ. ಮೂವತ್ತೆಂಟು ವರ್ಷ ನನ್ನ ಕೈಯಡುಗೆ ಉಂಡೋರು, ಚೀಟಿಗೆ ಮಾತ್ರ ನನ್ನ ನಂಬಲ್ಲ."

ಅತ್ತಿಗೆ ನಕ್ಕರು. ಈ ನಗೆ ದುರ್ಬೀನಮ್ಮನಿಗೆ ಹಳೆಯದು. ಲ್ಯಾಬಿಗೆ ಊಟದ ಡಬ್ಬಿ ತಂದು, ಎಲ್ಲರಿಗೂ ಆಗುವಷ್ಟು ಬಡಿಸಿ, ಕೊನೆಗೆ ಗಂಡನಿಗೇ ಸಾಲದಾದಾಗ ನಗುತ್ತಿದ್ದ ನಗೆ. ಜಾಗ ಮಾಡಿಕೊಡಲು ಅವರು ಕೈಚೀಲ ಸರಿಸಿದಾಗ ಅದರೊಳಗೆ ಪುಟ್ಟ ತಗಡಿನ ಡಬ್ಬಿ ಗಲಗಲ ಎಂದಿತು. ಗುಂಡಿಗಳಿರಬೇಕು. ಅತ್ತಿಗೆಗೆ ಹರಿದ ಬಟ್ಟೆಯ ಗುಂಡಿ ಕಿತ್ತಿಡುವ ಚಾಳಿ ಮೊದಲಿನಿಂದಲೂ ಇತ್ತು.

ಮೇಷ್ಟ್ರು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಗೆರೆ ಹಾಕಿದ ಜಗ್ಗಿನಿಂದ ನೀರನ್ನು ಲೋಟಕ್ಕೆ ಅಳೆದು ಸುರಿದು, ಕುಡಿದಷ್ಟನ್ನೂ ಚೀಟಿಯಲ್ಲಿ ಬರೆದಿಡುತ್ತಿದ್ದರು. ಪಾದ ಊದಿಕೊಂಡಿತ್ತು. ಅಕ್ಷರ ಮಾತ್ರ ಈಗಲೂ ಮುತ್ತು ಪೋಣಿಸಿದ ಹಾಗೆ.

"ಮೇಷ್ಟ್ರೇ, ಇವತ್ತು ನಿಮಗೆ ಪರೀಕ್ಷೆ."

"ಓಹೋ! ಗುರುವಿಗೇ ತಿರುಮಂತ್ರವೋ?"

ದುರ್ಬೀನಮ್ಮ ಗಾಜನ್ನು ಮೇಜಿನ ಮೇಲಿಟ್ಟಳು. "ಮೊದಲನೇ ಪ್ರಶ್ನೆ. ಯಾರದ್ದು?"

ಅವರು ಅಭ್ಯಾಸಬಲದಿಂದ ಅದನ್ನೆತ್ತಿ ಬೆಳಕಿಗೆ ಹಿಡಿದರು. "ಕಣ್ಣು ಮಂಜಾಯ್ತೇನಮ್ಮ? ಬರೆದಿದೆಯಲ್ಲ. ನನ್ನದು."

"ಎರಡನೇದು. ಹೆಣ್ಣೋ ಗಂಡೋ?"

ಗಾಜು ಹಿಡಿದ ಮೇಷ್ಟ್ರ ಕೈ ಮೆಲ್ಲಗೆ ಕೆಳಗಿಳಿಯಿತು.

"ಮೂರನೇದು ನಾನೇ ಹೇಳ್ತೀನಿ. ಮಾಗಿದ್ದು."

ಹೊರಗೆ ಯಾರೋ ಗಾಡಿ ತಳ್ಳಿಕೊಂಡು ಹೋದರು. ಮೇಷ್ಟ್ರು ಗಾಜನ್ನು ಮತ್ತೆ ಮೇಜಿನ ಮೇಲಿಟ್ಟರು.

"ಎರಡನೇ ಗಾಜು ಇನ್ನೂ ಮಾಡ್ತಾರೇನಮ್ಮ?" ಮೇಷ್ಟ್ರ ದನಿ ತೀರಾ ಸಣ್ಣದಾಗಿತ್ತು. "ಯಂತ್ರ ಬಂದ ಮೇಲೆ ಬಿಟ್ಟಿರ್ತಾರೆ ಅಂದ್ಕೊಂಡಿದ್ದೆ."

"ನಾನು ಬಿಡಲಿಲ್ಲ. ಚುಕ್ಕೀನೂ ಬಿಡಲಿಲ್ಲ."

"ಭಲೆ," ಎಂದರು ಮೇಷ್ಟ್ರು. ಕಳ್ಳತನ ಸಿಕ್ಕಿಬಿದ್ದ ನಾಚಿಕೆಯ ಜೊತೆಗೇ ಆ ಮುಖದಲ್ಲಿ ಹೆಮ್ಮೆಯೂ ಹಾದುಹೋಯಿತು. ದುರ್ಬೀನಮ್ಮ ಬೈಯಲು ಕೂಡಿಸಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ.

"ಯಾಕೆ ಹೀಗೆ ಮಾಡಿದ್ರಿ?"

"ಗಡಿಯಾರದವನು ನೆನಪಿದಾನಾ?"

ನೆನಪಿಲ್ಲದೆ ಏನು. ಗಡಿಯಾರ ರಿಪೇರಿಯವನು. ಮೇಷ್ಟ್ರ ಪಕ್ಕದ ಹಾಸಿಗೆ, ಒಂದೇ ವಾರ ಇಬ್ಬರಿಗೂ ಹೊಸ ಕಿಡ್ನಿ. ಹಾಸಿಗೆಯಲ್ಲಿ ಕೂತೇ ನರ್ಸುಗಳ ಕೈಗಡಿಯಾರವನ್ನೆಲ್ಲ ಸರಿಮಾಡಿ ಕೊಟ್ಟ ಪುಣ್ಯಾತ್ಮ.

"ಅವನ ಮೂತ್ರದಲ್ಲಿ ವೈರಸ್ ಸಿಕ್ತು. ಮಾತ್ರೆ ಇಳಿಸಿದ್ರು. ಇಳಿಸಿದ್ದೇ ತಡ, ಮೈ ತಿರುಗಿಬಿದ್ದು ಕಿಡ್ನೀನೇ ಒದ್ದುಹಾಕ್ತು. ಮೂರು ತಿಂಗಳಿಗೆ ಅವನೂ ಇಲ್ಲ. ಆಮೇಲೆ ಒಂದಿನ ಮನೇಲಿ, ನಾನು ರಿಟೈರಾದಾಗ ನೀವೆಲ್ಲ ಸೇರಿ ಉಡುಗೊರೆ ಕೊಟ್ಟಿದ್ರಲ್ಲ ಆ ಹಳೇ ಕನ್ನಡಿ ಸೂಕ್ಷ್ಮದರ್ಶಕ, ಅದರಲ್ಲಿ ನನ್ನದೇ ಒಂದು ಹನಿ ಇಟ್ಟು ನೋಡ್ದೆ." ಅವರು ನೀರಿನ ಲೋಟವನ್ನು ದೂರ ಸರಿಸಿದರು. "ಮಂಜುಗಣ್ಣು. ಗಾಜಿನ ತುಂಬ."

ವೈರಸ್ಸು ಹೊಕ್ಕ ಕಣದ ನಡುಭಾಗ ಊದಿಕೊಂಡು, ಉಸಿರು ತಾಗಿ ಮಸುಕಾದ ಗಾಜಿನಂತೆ ಕಾಣುತ್ತದೆ. ಲ್ಯಾಬಿನಲ್ಲಿ ಅದಕ್ಕೆ ಮಂಜುಗಣ್ಣು ಎಂದು ಹೆಸರಿಟ್ಟವರು ಮೇಷ್ಟ್ರೇ.

"ಕಂಡ ಮೇಲೂ ಸುಮ್ಮನಿದ್ರಾ? ಹೆದರಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿ ಅಂತ ಸಾವಿರ ಜನಕ್ಕೆ ಹೇಳಿದ್ದು ನೀವಲ್ವಾ?"

"ಹೇಳೋದು ಸುಲಭ ಕಣಮ್ಮ. ಒಳಗಿರೋದು ನನ್ನ ಕಿಡ್ನಿ ಆಗಿದ್ರೆ ನಾನೂ ಹೇಳ್ತಿದ್ದೆ. ಅದು ಅವಳದ್ದು. ಮೈ ಕೊಯ್ಸಿಕೊಂಡು ಕೊಟ್ಟಿದ್ದು. ಮಾತ್ರೆ ಇಳಿಸಿ ಅದನ್ನ ಕಳ್ಕೊಂಡ್ರೆ ಅವಳ ಮುಖ ಹ್ಯಾಗೆ ನೋಡ್ಲಿ?"

ಮೇಷ್ಟ್ರು ಅತ್ತದ್ದನ್ನು ದುರ್ಬೀನಮ್ಮ ಈ ಮೂವತ್ತಾರು ವರ್ಷದಲ್ಲಿ ನೋಡಿರಲಿಲ್ಲ. ಈಗಲೂ ನೋಡಬಾರದೆಂದು ಕಿಟಕಿಯ ಕಡೆ ತಿರುಗಿದಳು. ಎಲ್ಲವನ್ನೂ ಬಲ್ಲವನು ತಪ್ಪು ಮಾಡಿದರೆ ಎಲ್ಲವನ್ನೂ ಬಲ್ಲ ಹಾಗೆಯೇ ಮಾಡುತ್ತಾನೆ. ಏನೂ ತಿಳಿಯದ ರೋಗಿಯಾಗಿದ್ದರೆ ಡಾಕ್ಟರು ಹೇಳಿದಂತೆ ಕೇಳಿ ಇಷ್ಟು ಹೊತ್ತಿಗೆ ಚೇತರಿಸಿಕೊಳ್ಳುತ್ತಿದ್ದನೇನೋ.

"ನಿಮ್ಮ ಸ್ಯಾಂಪಲ್ ಎಲ್ಲಿ ಹೋಯ್ತು ಹಾಗಾದ್ರೆ?"

"ಎಲ್ಲಿಗೆ ಹೋಗುತ್ತೆ? ಅವಳ ಹೆಸರಲ್ಲಿದೆ. ಚೀಟಿ ಅದಲು ಬದಲು ಮಾಡಿದ್ದಷ್ಟೇ ನಾನು. ಅವಳಿಗೆ ಗೊತ್ತಿಲ್ಲ."

"ಹಾಗಿದ್ರೆ ಅತ್ತಿಗೆ ರಿಪೋರ್ಟಲ್ಲಿ ವೈರಸ್ ಬರಬೇಕಿತ್ತಲ್ಲ?"

"ಬರುತ್ತೆ, ಯಾರಾದ್ರೂ ಓಡಿ ಬರ್ತಾರೆ ಅಂತ ಮೊದಲನೇ ತಿಂಗಳು ನಾನು ಕಣ್ಣು ಮುಚ್ಚಲಿಲ್ಲ. ಅದೂ ಸೊನ್ನೆ ಬಂತು. ತಾನಾಗೇ ವಾಸಿ ಆಗಿರಬೇಕು ಅಂತ ಆಸೆ ಪಟ್ಟೆ. ಮತ್ತೆ ನೋಡೋ ಧೈರ್ಯ ಬರಲಿಲ್ಲ ಕಣಮ್ಮ."

ದುರ್ಬೀನಮ್ಮ ಅಲ್ಲಿಂದಲೇ ಲ್ಯಾಬಿಗೆ ಫೋನು ಮಾಡಿದಳು. "ಚುಕ್ಕಿ, ಅತ್ತಿಗೆ ಹೆಸರಿನ ಖಾನೆ ತೆಗಿ. ಹೋದ ಬುಧವಾರದ ಗಾಜು ಹಾಕಿ ನೋಡಿ ಹೇಳು. ನಾನು ಹಿಡ್ಕೊಂಡಿರ್ತೀನಿ."

ಎರಡು ನಿಮಿಷ. ಮೂರು. ಆಮೇಲೆ ಚುಕ್ಕಿಯ ದನಿ ಬಂತು.

"ಅತ್ತಿಗೇದು ಅಕ್ಕ. ಹೆಣ್ಣು. ಒಳಗೆ ಯಾರೂ ಇಲ್ಲ. ಶುದ್ಧವಾಗಿದೆ."

ಮೇಷ್ಟ್ರಿಗೂ ಅದು ಕೇಳಿಸಿತು. ಅವರ ಬಾಯಿ ಅರೆತೆರೆದು ಹಾಗೇ ನಿಂತಿತು. "ಹೆಣ್ಣು ಹೇಗಮ್ಮ ಆಗುತ್ತೆ? ಅದು ನನ್ನದು!"

ದುರ್ಬೀನಮ್ಮ ಫೋನನ್ನು ಕಿವಿಯಿಂದ ತೆಗೆದು ಅದನ್ನೇ ನೋಡುತ್ತ ನಿಂತಳು. ಏನೋ ಒಂದು ಸರಿಯಿರಲಿಲ್ಲ. ಹಾಡುವಾಗ ನಡುವೆ ಒಂದು ಸಾಲು ತಪ್ಪಿದ ಹಾಗೆ. ಯಾವ ಸಾಲು ಎಂದು ಯೋಚಿಸಲು ಹೊತ್ತಿರಲಿಲ್ಲ, ಹತ್ತು ಗಂಟೆಯಾಗುತ್ತ ಬಂದಿತ್ತು.

"ಏಳಿ ಮೇಷ್ಟ್ರೇ. ಈಗಲೇ ಒಂದು ಸ್ಯಾಂಪಲ್ ಕೊಡಿ. ಚೀಟಿ ನಾನು ಅಂಟಿಸ್ತೀನಿ. ಸೊಟ್ಟಗಾದ್ರೂ ಪರವಾಗಿಲ್ಲ."

ಕಾಲು ಗಂಟೆಯ ನಂತರ ಅರ್ಧ ಬಾಟಲಿಯನ್ನು ಎದೆಗವಚಿಕೊಂಡು ಅವಳು ಮೆಟ್ಟಿಲಿಳಿದಳು. ಲಿಫ್ಟನ್ನು ನಂಬಲಿಲ್ಲ, ಇವತ್ತು ಅವಳು ಯಾರನ್ನೂ ನಂಬುವ ಹಾಗಿರಲಿಲ್ಲ. ತಾನೇ ಗಿರಕಿ ಯಂತ್ರಕ್ಕೆ ಹಾಕಿ ತಿರುಗಿಸಿದಳು, ತಳದಲ್ಲಿ ಕೂತದ್ದನ್ನು ತಾನೇ ಗಾಜಿಗೆ ಸವರಿದಳು, ತಾನೇ ಬಣ್ಣ ಹಾಕಿದಳು. ಚುಕ್ಕಿ ಸಹಾಯಕ್ಕೆ ಕೈಚಾಚಿದಾಗ, "ಬೇಡ, ಕೈ ರೂಢಿ ತಪ್ಪಿದೆ, ನಾನೇ ಮಾಡ್ತೀನಿ" ಎಂದಳು. ಬಣ್ಣದ ಘಾಟು ಮೂಗಿಗೆ ಬಡಿದಾಗ ಇಷ್ಟು ಅವಸರದಲ್ಲೂ ಒಂದು ಗಳಿಗೆ ಅವಳಿಗೆ ಮತ್ತೆ ಇಪ್ಪತ್ನಾಲ್ಕು ವರ್ಷ.

ಕಣ್ಣು ಇಟ್ಟಳು. ತಿರುಗಣೆ ತಿರುಗಿಸಿದಳು.

"ಮೇಷ್ಟ್ರದ್ದು. ಗಂಡು. ಮಾಗಿದ್ದು," ಎಂದು ಗಟ್ಟಿಯಾಗಿ ಹೇಳಿದಳು. "ಒಳಗೆ..."

ಮಂಜುಗಣ್ಣು. ಒಂದಲ್ಲ, ಹತ್ತಲ್ಲ, ಗಾಜಿನ ಉದ್ದಕ್ಕೂ. ಐದು ತಿಂಗಳು ಯಾರ ಕಣ್ಣಿಗೂ ಬೀಳದೆ ಮನೆಯೊಳಗೇ ಇದ್ದು ಮನೆ ತಿಂದ ಕಳ್ಳ, ಈಗ ಇಷ್ಟಗಲ ಮುಖ ತೋರಿಸಿ ಕೂತಿದ್ದ.

ಕಿಡ್ನಿ ಡಾಕ್ಟರು ಓಡಿಬಂದರು. ಚಿಕ್ಕ ವಯಸ್ಸಿನವರು, ಒಳ್ಳೆಯವರು, ಕಾಗದದಲ್ಲಿ ಇದ್ದದ್ದನ್ನು ಮಾತ್ರ ನಂಬುವವರು. ಗಾಜನ್ನು ನೋಡಿ, ಮತ್ತೊಮ್ಮೆ ನೋಡಿ ಅವರ ಮುಖ ಬಿಳಿಚಿಕೊಂಡಿತು.

"ಐದು ತಿಂಗಳ ಸೊನ್ನೆ?"

"ಅವು ಮೇಷ್ಟ್ರದ್ದಲ್ಲ. ಅವರೇ ಒಪ್ಪಿಕೊಂಡಿದಾರೆ. ಅದರ ಕತೆ ಆಮೇಲೆ ಹೇಳ್ತೀನಿ. ಮೊದಲು ಹನ್ನೊಂದು ಗಂಟೆಯದ್ದನ್ನ ನಿಲ್ಲಿಸಿ."

ಡಾಕ್ಟರು ಫೋನೆತ್ತಿದರು. ಹನ್ನೊಂದಕ್ಕೆ ಹತ್ತು ನಿಮಿಷವಿತ್ತು.

"ನಿಲ್ಲಿಸ್ದೆ ಮೇಡಂ. ಹೋದ ವಾರ ಕಿಡ್ನಿಯಿಂದ ತೆಗೆದ ತುಣುಕು ಇದೆ, ಅದಕ್ಕೆ ವೈರಸ್ ಇದ್ರೆ ತೋರಿಸೋ ಬಣ್ಣ ಹಾಕಿಸ್ತೀನಿ, ಸಂಜೆಗೆ ಗೊತ್ತಾಗುತ್ತೆ. ಆದ್ರೆ ಮಾತ್ರೆ ಈ ಮಧ್ಯಾಹ್ನದಿಂದಲೇ ಇಳಿಸೋಣ. ಮಲಗಿಸೋ ಮಾತ್ರೆ ದಿನಕ್ಕೆ ಎರಡು ಥರ ಇದೆಯಲ್ಲ, ಅದರಲ್ಲಿ ಎರಡನೇದನ್ನ ಅರ್ಧ ಮಾಡ್ತೀನಿ."

"ಎರಡೂ ರಕ್ತದಲ್ಲಿ ಸರಿಯಾಗಿದೆಯಾ?"

"ನಾವು ರಕ್ತದಲ್ಲಿ ಅಳೆಯೋದು ಮೊದಲನೇದನ್ನ ಮಾತ್ರ. ಅದು ಸರಿಯಾಗೇ ಇದೆ. ಎರಡನೇದು ನಂಬಿಕೆ ಮೇಲೆ ನಡೆಯೋದು. ಅವರ ಮನೆಯವರು ಎಷ್ಟು ಶಿಸ್ತಾಗಿ ಕೊಡ್ತಾರೆ ಗೊತ್ತಲ್ಲ."

ಚುಕ್ಕಿ ಡಾಕ್ಟರ ಜೊತೆ ಆ ತುಣುಕನ್ನು ತೆಗೆದುಕೊಡಲು ಹೋದಳು. ದುರ್ಬೀನಮ್ಮ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಗೆದ್ದೆ ಎನಿಸಿತು. ಮೇಷ್ಟ್ರಿಗೆ ಗುರುದಕ್ಷಿಣೆ ಕೊಟ್ಟೆ ಎನಿಸಿತು.

ಕಣ್ಣು ಮುಚ್ಚಿದಾಗಲೇ ತಪ್ಪಿದ ಸಾಲು ನೆನಪಾಯಿತು.

ಅತ್ತಿಗೇದು. ಹೆಣ್ಣು. ಒಳಗೆ ಯಾರೂ ಇಲ್ಲ.

ಎಳೆಯದೋ ಮಾಗಿದ್ದೋ? ಚುಕ್ಕಿ ಮೂರನೇ ಪ್ರಶ್ನೆಗೆ ಉತ್ತರ ಹೇಳಿರಲಿಲ್ಲ. ಹತ್ತು ವರ್ಷದಲ್ಲಿ ಒಂದು ದಿನವೂ ಆ ವರಸೆ ತಪ್ಪದವಳು.

ದುರ್ಬೀನಮ್ಮ ಎದ್ದು ಅತ್ತಿಗೆಯ ಹೆಸರಿನ ಖಾನೆ ಎಳೆದಳು. ಈ ಐದು ತಿಂಗಳ ಐದು ಗಾಜು. ಮೊದಲನೆಯದನ್ನು ಹಾಕಿ ನೋಡಿದಳು. ಅಗಲವಾದ ಕಣಗಳು, ಮೂಲೆ ಮಡಿಸಿದ ಕಾಗದದಂತೆ, ನಡುವೆ ಸಾಸಿವೆಯಷ್ಟು ಚುಕ್ಕೆ. ಎರಡನೆಯದು, ಮೂರನೆಯದು, ಐದೂ ಹಾಗೇ. ಇದು ಅರವತ್ತರ ಅತ್ತಿಗೆಯಲ್ಲ, ತುಂಬು ಹರೆಯದ ಹೆಣ್ಣು. ಬಾಟಲಿ ಮುಟ್ಟುವ ಮೂವರಲ್ಲಿ ಹರೆಯದವಳು ಒಬ್ಬಳೇ.

ಬೆಳಿಗ್ಗೆ ತಾನೇ ಬಿಡಿಸಿಕೊಂಡ ಮೂರನೇ ಬೆರಳನ್ನು ಅವಳು ನೋಡಿಕೊಂಡಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಬಾಗಿಲಲ್ಲಿ ನೆರಳು ಬಿತ್ತು. ಚುಕ್ಕಿ ವಾಪಸು ಬಂದಿದ್ದಳು. ತೆರೆದ ಖಾನೆಯನ್ನು ನೋಡಿ ಅಲ್ಲೇ ನಿಂತಳು.

"ಮೂರನೇ ಪ್ರಶ್ನೆ ಬಿಟ್ಟುಬಿಟ್ಟೆ ಕಣೇ," ಎಂದಳು ದುರ್ಬೀನಮ್ಮ. ಸಿಟ್ಟಿಗಿಂತ ನೋವೇ ಹೆಚ್ಚಾಗಿ ಕೇಳಿಸಿತು.

ಚುಕ್ಕಿ ನೆಲಕ್ಕೆ ಮಂಡಿಯೂರಿ ಕಪಾಟಿನ ತೀರಾ ಕೆಳಗಿನ ಖಾನೆಯನ್ನು ಎಳೆದು, ಹಳೆಯ ರಿಜಿಸ್ಟರುಗಳ ಹಿಂದಿನಿಂದ ಒಂದು ಪುಟ್ಟ ರಟ್ಟಿನ ಪೆಟ್ಟಿಗೆ ತೆಗೆದಳು. ಒಳಗೆ ಹತ್ತಿಯಲ್ಲಿ ಸುತ್ತಿದ ಐದು ಗಾಜು.

"ಇವು ಮೇಷ್ಟ್ರದ್ದು ಅಕ್ಕ. ನಿಜವಾದ್ದು. ಅತ್ತಿಗೆ ಹೆಸರಲ್ಲಿ ಬಂದ ಬಾಟ್ಲೀನ ಚೆಲ್ಲಿ ನನ್ನದನ್ನ ಇಟ್ಟೆ. ಇವನ್ನೂ ಎಸೀಬೇಕಿತ್ತು. ಎರಡನೇ ಗಾಜು ಎಸೀಬಾರದು ಅಂತ ನೀವೇ ಹೇಳಿಕೊಟ್ಟಿದ್ರಲ್ಲ, ಕೈ ಬರಲಿಲ್ಲ."

ದುರ್ಬೀನಮ್ಮನಿಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು, ತಲೆ ಸವರಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ.

"ಹೀಗೆ ಮಾಡು ಅಂತ ಯಾರು ಹೇಳಿದ್ದು?"

"ನಿಮ್ಮನ್ನ ಇಲ್ಲಿಗೆ ಕರೆಸಿದೋರೇ."

"ಅತ್ತಿಗೇನಾ?"

"ಮೊದಲನೇ ತಿಂಗಳು, ಬಾಟ್ಲಿ ಯಂತ್ರಕ್ಕೆ ಹಾಕೋ ಮುಂಚೆ ಗಾಜು ನೋಡ್ತಿದ್ದ ಹಾಗೇ ನನಗೆ ಎಲ್ಲಾ ತಿಳೀತು. ಹೋಗಿ ಅವರಿಗೆ ಹೇಳ್ದೆ. ಮೇಷ್ಟ್ರು ಸಿಕ್ಕಿಬಿದ್ರೆ ನಾಚಿಕೇಲೇ ಸತ್ತುಹೋಗ್ತಾರೆ, ಯಾರಿಗೂ ಹೇಳಬೇಡ ಅಂತ ಕೈ ಹಿಡ್ಕೊಂಡ್ರು. ಇದಕ್ಕೆ ಮದ್ದೇನು ಅಂದ್ರು. ಮಾತ್ರೆ ಇಳಿಸೋದು ಅಂದೆ. ಅಷ್ಟೇ ಅಕ್ಕ ನಾನು ಹೇಳಿದ್ದು."

"ಆಮೇಲೆ?"

"ಆವತ್ತಿನಿಂದ ಅವರೇ ಇಳಿಸ್ತಾ ಇದಾರೆ." ಚುಕ್ಕಿ ಗಾಜುಗಳ ಮೇಲೆ ಹತ್ತಿ ಮುಚ್ಚಿದಳು. "ಎರಡನೇ ಮಾತ್ರೇನ. ದಿನಾ ಮಾತ್ರೆಪೆಟ್ಟಿಗೆಯಿಂದ ತೆಗೆದು ತೆಗೆದು ಇಡ್ತಾರೆ. ಎಷ್ಟು ಅಂತ ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ವಾಸಿ ಆಗೋ ಬದಲು ಜಾಸ್ತಿ ಆಯ್ತು ಅಂತ ಹೆದರಿ ನಿಮ್ಮನ್ನ ಕರೆಸಿದ್ದು."

ತಗಡಿನ ಡಬ್ಬಿಯ ಗಲಗಲ ಸದ್ದು ದುರ್ಬೀನಮ್ಮನ ಕಿವಿಯಲ್ಲಿ ಮತ್ತೆ ಕೇಳಿಸಿತು. ಅವು ಗುಂಡಿಗಳಾಗಿರಲಿಲ್ಲ.

ಹಾಗಾದರೆ ಐದು ತಿಂಗಳಿಂದ ಮೇಷ್ಟ್ರ ಮೈಯಲ್ಲಿ ವೈರಸ್ಸೂ ಎದ್ದಿದೆ, ಕಾವಲುಗಾರರೂ ಎದ್ದಿದ್ದಾರೆ. ಅತ್ತಿಗೆಯ ಕಿಡ್ನಿಯನ್ನು ಈಗ ತಿನ್ನುತ್ತಿರುವುದು ಯಾರು? ಕಾವಲುಗಾರರಾಗಿದ್ದರೆ ಆ ಬಿರುಸಾದ ಔಷಧಿಯೇ ಬೇಕಿತ್ತೇನೋ. ಅದನ್ನು ನಿಲ್ಲಿಸಿದ್ದು ಅವಳ ಮಾತು. ಉಳಿದ ಮಾತ್ರೆಯನ್ನೂ ಮಧ್ಯಾಹ್ನ ಅರ್ಧ ಮಾಡಲು ಡಾಕ್ಟರು ಬರೆದಾಗಿದೆ.

ಮೇಜಿನ ಮೇಲೆ ಅವಳೇ ಮಾಡಿದ ಗಾಜು ಇನ್ನೂ ಒದ್ದೆಯಾಗಿತ್ತು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಹೊಡೆಯಿತು.